ಕಟ್ಟಿದ ಹೊಳ್ಳೆಯ ಜೊತೆ ಜಗಳ ಬೇಡ

ನಾಡಿಶೋಧನಕ್ಕೆ, ಅಂದರೆ ಒಂದೊಂದೇ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವ ಪ್ರಾಣಾಯಾಮಕ್ಕೆ ಕೂತವರಲ್ಲಿ ಹಲವರ ದೂರು ಒಂದೇ: ‘ನೆಗಡಿ ಇಲ್ಲ, ಏನಿಲ್ಲ, ಆದರೂ ಒಂದು ಹೊಳ್ಳೆಯಲ್ಲಿ ಉಸಿರೇ ಹೋಗ್ತಿಲ್ಲ.’ ಇದು ಕಾಯಿಲೆಯಲ್ಲ. ಮೂಗಿನೊಳಗಿನ ಸುರುಳಿ ಎಲುಬುಗಳನ್ನು ಹೊದ್ದ ಮೆತ್ತನೆಯ ಪದರದಲ್ಲಿ ರಕ್ತ ತುಂಬಿದಾಗ ಆ ಬದಿಯ ದಾರಿ ಕಿರಿದಾಗುತ್ತದೆ. ಕೆಲವು ಗಂಟೆ ಕಳೆದರೆ ಅದು ಇಳಿದು, ಇನ್ನೊಂದು ಬದಿ ಉಬ್ಬುತ್ತದೆ. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲೇ ಇದನ್ನು ವಿವರಿಸಿದ್ದರು. ಮಗ್ಗುಲಾಗಿ ಮಲಗಿದರೂ ಸಾಮಾನ್ಯವಾಗಿ ಕೆಳಗಿನ ಹೊಳ್ಳೆಯೇ ಕಟ್ಟುತ್ತದೆ.

ಇದು ತಿಳಿಯದೆ ಕೆಲವರು ಸದ್ದಾಗುವಷ್ಟು ಜೋರಾಗಿ ಉಸಿರೆಳೆಯುತ್ತಾರೆ. ಇನ್ನು ಕೆಲವರು ಅಭ್ಯಾಸಕ್ಕೆ ಮೊದಲು ದಿನಾ ಮೂಗಿಗೆ ಔಷಧದ ಹನಿ ಬಿಟ್ಟುಕೊಳ್ಳುತ್ತಾರೆ. ಇದಂತೂ ಖಂಡಿತ ಕೂಡದು. ಮೂಗು ಬಿಡಿಸುವ ಹನಿಗಳನ್ನು ಕೆಲವೇ ದಿನ ಮೀರಿ ಬಳಸಿದರೂ ಸಾಕು, ಔಷಧದ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಬಹುದು. ಸಲೀಸಾಗಿ ಹೋದಷ್ಟೇ ಗಾಳಿ ಸಾಕು. ಪೂರ್ತಿ ಕಟ್ಟಿದ್ದರೆ, ನೆಗಡಿಯಾಗಿದ್ದರೆ, ಅವತ್ತಿಗೆ ಬಿಟ್ಟುಬಿಡಿ. ಸದಾ ಒಂದೇ ಬದಿ ಕಟ್ಟುತ್ತಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೂಗಿನ ನಡುಗೋಡೆ ವಾಲಿರಬಹುದು.

ಬೆರಳಿಡುವ ಜಾಗ ಮುಖ್ಯ. ಬಲಗೈಯ ತೋರುಬೆರಳು, ನಡುಬೆರಳು ಮಡಚಿ. ಮೂಗಿನ ಮೇಲೆ ಕೈಯಾಡಿಸಿದರೆ ಗಟ್ಟಿ ಎಲುಬು ಮುಗಿದು ಮೆತ್ತಗಾಗುವ ಕಡೆ ಸಿಗುತ್ತದೆ. ಅದರ ಕೆಳಗೆ ಬಲಕ್ಕೆ ಹೆಬ್ಬೆರಳು, ಎಡಕ್ಕೆ ಉಂಗುರ ಬೆರಳು. ಹೊಳ್ಳೆ ಮುಚ್ಚಿದರೆ ಆಯಿತು, ಮೂಗು ಸೊಟ್ಟಗಾಗುವಷ್ಟು ಒತ್ತಬೇಕಿಲ್ಲ. ಎಡದಿಂದ ಎಳೆದು ಬಲದಿಂದ ಬಿಡಿ. ಬಲದಿಂದಲೇ ಎಳೆದು ಎಡದಿಂದ ಬಿಡಿ. ಅದು ಒಂದು ಸುತ್ತು. ಶುರುವಿಗೆ ಐದಾರು ಸುತ್ತು ಧಾರಾಳ. ಊಟವಾದ ತಕ್ಷಣ ಬೇಡ.

ನನ್ನ ತಕರಾರಿರುವುದು ಕುಂಭಕದ, ಅಂದರೆ ಉಸಿರು ಕಟ್ಟಿ ಹಿಡಿಯುವುದರ ಅವಸರದ ಬಗ್ಗೆ. ಮೊದಲ ವಾರದಲ್ಲೇ 1:4:2 (ಎಳೆಯುವುದು, ಕಟ್ಟುವುದು, ಬಿಡುವುದು) ಲೆಕ್ಕ ಹಿಡಿದು, ಎಳೆದದ್ದರ ನಾಲ್ಕು ಪಟ್ಟು ಹೊತ್ತು ಉಸಿರು ಕಟ್ಟುವವರಿದ್ದಾರೆ. ಬಿಗಿಹಿಡಿದು ಕಟ್ಟಿದರೆ ಎದೆಯೊಳಗಿನ ಒತ್ತಡ ಏರಿ, ರಕ್ತದೊತ್ತಡ ಹೊಯ್ದಾಡುತ್ತದೆ. 15ನೇ ಶತಮಾನದ ಸ್ವಾತ್ಮಾರಾಮ ‘ಹಠಯೋಗ ಪ್ರದೀಪಿಕೆ’ಯಲ್ಲಿ ಕುಂಭಕ ಹೇಳಿದ್ದಾನೆ, ನಿಜ. ಆದರೆ ‘ಯಥಾಶಕ್ತಿ’ ಎಂದೇ ಹೇಳಿದ್ದಾನೆ. ಉಸಿರನ್ನು ಸಿಂಹ, ಆನೆ, ಹುಲಿಗಳಂತೆ ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ ಇರುವವರು, ಗರ್ಭಿಣಿಯರು ಕುಂಭಕದ ಗೊಡವೆಗೇ ಹೋಗಬಾರದು.

ಆತುರಾತುರವಾಗಿ, ಆಳವಾಗಿ ಉಸಿರಾಡಿದರೂ ತೊಂದರೆಯೇ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ತಲೆ ಸುತ್ತುತ್ತದೆ, ತುಟಿ, ಬೆರಳತುದಿ ಜುಮ್ಮೆನ್ನುತ್ತವೆ. ಕೆಲವರು ಇದನ್ನೇ ‘ಶಕ್ತಿ ಸಂಚಾರ’ ಎಂದುಕೊಂಡು ಮುಂದುವರಿಸುತ್ತಾರೆ. ನಿಲ್ಲಿಸಿ, ಎರಡೂ ಹೊಳ್ಳೆ ತೆರೆದು ಮಾಮೂಲಿಯಾಗಿ ಉಸಿರಾಡಿ.

ನಿಧಾನವಾಗಿ ಉಸಿರಾಡುವುದಕ್ಕೆ ಮಾತ್ರ ಒಳ್ಳೆಯ ಆಧಾರವಿದೆ. ನಿಮಿಷಕ್ಕೆ 12ರಿಂದ 20 ಇರುವ ಉಸಿರು ಆರರ ಆಸುಪಾಸಿಗೆ ಇಳಿದಾಗ ಹೃದಯದ ಬಡಿತ ಉಸಿರಿನ ಜೊತೆ ಸ್ಪಷ್ಟವಾಗಿ ಏರಿಳಿಯುತ್ತದೆ, ರಕ್ತದೊತ್ತಡ ಸರಿದೂಗಿಸುವ ನರವ್ಯವಸ್ಥೆ ಚುರುಕಾಗುತ್ತದೆ. ಹಾಗೆಂದು ಆರಕ್ಕೆ ಇಳಿಸಲೇಬೇಕೆಂದು ಹಟ ಹಿಡಿಯಬೇಡಿ. ಬಿಪಿ ಮಾತ್ರೆಯನ್ನಾಗಲಿ ಆಸ್ತಮಾದ ಇನ್‌ಹೇಲರನ್ನಾಗಲಿ ವೈದ್ಯರನ್ನು ಕೇಳದೆ ಬಿಡಬೇಡಿ.