ಕೆಂಪು ತಿರುಗಿದ ಹಳೇ ಸ್ಲೈಡು, ಕಪ್ಪು ಬಿಳುಪು ಮಾಡಿದರೆ ಉಳಿಯುತ್ತಾ?

ಪ್ರಶ್ನೆ: ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದಾಗ, 1970ರ ದಶಕದಲ್ಲಿ, ತೆಗೆದ ಕಲರ್ ಸ್ಲೈಡುಗಳು ಬೀರುವಿನಲ್ಲಿ ಸಿಕ್ಕಿವೆ. ಗಣಿಯ ಚಿತ್ರಗಳಿವೆ, ನಮ್ಮ ಅತ್ತೆಯ ಮದುವೆಯದ್ದೂ ಇವೆ. ತುಂಬಾ ಸ್ಲೈಡುಗಳು ಕೆಂಪಾಗಿಬಿಟ್ಟಿವೆ. ಮೊಬೈಲಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಒತ್ತಿದರೆ ಬೂದಿ ಬಳಿದ ಹಾಗೆ ಸಪ್ಪೆಯಾಗಿ ಬರುತ್ತೆ. ಏನು ಮಾಡಲಿ? (ಕೋಲಾರದ ಓದುಗರು)

ಉತ್ತರ: ಉಳಿಯುತ್ತೆ. ಆದರೆ ಒಂದೇ ಬಟನ್ ಒತ್ತಿ ಮುಗಿಸುವ ಕೆಲಸ ಅಲ್ಲ ಇದು. ನಿಮ್ಮ ಸ್ಲೈಡು ಯಾಕೆ ಕೆಂಪಾಯಿತು ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ.

ಕಲರ್ ಸ್ಲೈಡಿನಲ್ಲಿ ಮೂರು ಬಣ್ಣದ ಪದರಗಳಿರುತ್ತವೆ: ಹಳದಿ, ಮಜೆಂಟಾ, ಸಯಾನ್. ಮಜೆಂಟಾ ಅಂದರೆ ನೇರಳೆ ಬೆರೆತ ಗುಲಾಬಿ, ಸಯಾನ್ ಅಂದರೆ ಹಸಿರು ಬೆರೆತ ನೀಲಿ. ಆ ಕಾಲದ ಬಹಳಷ್ಟು ಫಿಲ್ಮುಗಳಲ್ಲಿ ಮೊದಲು ಸೋತದ್ದು ಈ ಸಯಾನ್. ಕತ್ತಲಲ್ಲಿ ಭದ್ರವಾಗಿ ಇಟ್ಟಿದ್ದರೂ ಸೆಕೆ, ತೇವ ಸೇರಿ ಅದನ್ನು ತಿಂದುಹಾಕುತ್ತವೆ. ಶೀಟಿನ ಮನೆಯಲ್ಲಿ ಕಬ್ಬಿಣದ ಬೀರು ಏಪ್ರಿಲ್‌ನಲ್ಲಿ ಎಷ್ಟು ಕಾಯುತ್ತೆ ಅಂತ ನಿಮಗೇ ಗೊತ್ತಲ್ವಾ? ಕೆಂಪು ಬೆಳಕನ್ನು ತಡೆಯುವುದು ಸಯಾನ್ ಪದರ. ಅದು ತೆಳುವಾದ ಮೇಲೆ ಕೆಂಪು ಬೆಳಕು ತಡೆಯಿಲ್ಲದೆ ನುಗ್ಗುತ್ತೆ.

ಅದೇ ಡಬ್ಬಿಯಲ್ಲಿ ಕೆಲವು ಸ್ಲೈಡು ಈಗಲೂ ಥಳಥಳ ಅನ್ನುತ್ತಿದ್ದರೆ ರಟ್ಟಿನ ಚೌಕಟ್ಟಿನ ಮೇಲಿನ ಹೆಸರು ಓದಿ. ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮು ಇರಬಹುದು. ಕತ್ತಲಲ್ಲಿ ಅದು ಚೆನ್ನಾಗಿ ಬಾಳುತ್ತೆ. ಆದರೆ ಪ್ರೊಜೆಕ್ಟರ್ ಬೆಳಕಿಗೆ ಬೇಗ ಮಾಸುತ್ತೆ, ಹಾಗಾಗಿ ಗೋಡೆಗೆ ಬಿಟ್ಟು ತೋರಿಸುವ ಆಸೆ ಸ್ವಲ್ಪ ತಡೆದುಕೊಳ್ಳಿ.

ಈಗ ಸ್ಕ್ಯಾನಿಂಗ್. ಇಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ತುಮಕೂರಿನ ಒಂದು ಸ್ಟುಡಿಯೋಗೆ ನಮ್ಮ ಮನೆಯ ಸ್ಲೈಡು ಕೊಟ್ಟು, ‘ಕೊನೆಗೆ ಕಪ್ಪು ಬಿಳುಪು ಬೇಕು’ ಅಂದೆ. ಅವರು ಪಾಪ, ಸ್ಕ್ಯಾನರನ್ನೇ ಗ್ರೇಸ್ಕೇಲ್‌ಗೆ (ಬರೀ ಬೂದು ಛಾಯೆಗಳಿಗೆ) ಇಟ್ಟು ಮುಗಿಸಿಕೊಟ್ಟರು. ಬಣ್ಣದ ಮಾಹಿತಿ ಒಂದು ಚೂರೂ ಇರಲಿಲ್ಲ. ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು. ಆದ್ದರಿಂದ ಕಪ್ಪು ಬಿಳುಪು ಬೇಕಿದ್ದರೂ ಸ್ಕ್ಯಾನ್ ಕಲರಿನಲ್ಲೇ ಆಗಲಿ. ಬಣ್ಣದ ಸೂಕ್ಷ್ಮ ಛಾಯೆಗಳನ್ನು ಉಳಿಸಿಕೊಳ್ಳುವ 16 ಬಿಟ್ ಟಿಫ್ ಫೈಲ್ ಕೇಳಿ. ಸ್ಲೈಡಿನ ಚಿತ್ರ ಬರೀ 24 × 36 ಮಿ.ಮೀ. ಇರುವುದರಿಂದ 2400 ಡಿಪಿಐಗೆ (ಇಂಚಿಗೆ 2400 ಚುಕ್ಕೆ) ಸುಮಾರು 77 ಲಕ್ಷ ಪಿಕ್ಸೆಲ್ ಸಿಗುತ್ತವೆ. ಆಲ್ಬಮ್ಮಿಗೆ ಸಾಕು. ಗೋಡೆಗೆ ದೊಡ್ಡದಾಗಿ ಹಾಕುವುದಾದರೆ 4000 ಡಿಪಿಐ. ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಕೊಡಾಕ್ರೋಮ್‌ಗೆ ಬೇಡ, ಧೂಳೆಂದು ತಿಳಿದು ಚಿತ್ರದ ಗೆರೆಗಳನ್ನೇ ಅಳಿಸಿಬಿಡಬಹುದು. ಸ್ಕ್ಯಾನಿಗೆ ಮುಂಚೆ ಬ್ಲೋಅರ್‌ನಿಂದ ಗಾಳಿ ಹೊಡೆಯಿರಿ, ಅಷ್ಟೇ. ಬೂಷ್ಟು ಹಿಡಿದಿದ್ದರೆ ನೀರು ಮಾತ್ರ ತಾಗಿಸಬೇಡಿ. ಬೂಷ್ಟು ತಿಂದ ಜಿಲೆಟಿನ್ ನೀರು ತಾಗಿದರೆ ಕರಗುತ್ತೆ, ಚಿತ್ರವೂ ಅದರ ಜೊತೆ ಹೋಗುತ್ತೆ.

ಇನ್ನು ಅಸಲು ವಿಷಯ. ಸ್ಕ್ಯಾನ್ ಆದ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಇರುತ್ತವೆ. ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ಒಂದೊಂದನ್ನೇ ತೆರೆದು ನೋಡಿ. ಒಂದೊಂದೂ ಒಂದು ಕಪ್ಪು ಬಿಳುಪು ಚಿತ್ರವೇ. ಸಯಾನ್ ಹೋದ ಸ್ಲೈಡಿನಲ್ಲಿ ಕೆಂಪು ಚಾನೆಲ್ ನೀರು ಬೆರೆಸಿದ ಹಾಲಿನ ಹಾಗೆ ತೆಳ್ಳಗಿರುತ್ತೆ. ನೀಲಿಯಲ್ಲಿ ಸಾಮಾನ್ಯವಾಗಿ ಕಾಳುಕಾಳು ಜಾಸ್ತಿ. ಮಜೆಂಟಾ ಪದರವನ್ನು ಓದುವ ಹಸಿರು ಚಾನೆಲ್ ಮಾತ್ರ ಹೆಚ್ಚಾಗಿ ಗಟ್ಟಿಯಾಗಿ ನಿಂತಿರುತ್ತೆ. ನಿಮಗೆ ಬೇಕಾದ ಫೋಟೊ ಅದು. ಮೊಬೈಲಿನ ಬಟನ್ ಮೂರನ್ನೂ ಕಲಸಿಬಿಡುತ್ತೆ, ಅದಕ್ಕೇ ಸಪ್ಪೆ. ಚಾನೆಲ್ ಮಿಕ್ಸರ್‌ನಲ್ಲಿ ಮೊನೊಕ್ರೋಮ್ ಆಯ್ದು ಹಸಿರು 100, ಉಳಿದೆರಡು ಸೊನ್ನೆ ಇಡಿ. ಗಿಂಪ್‌ನಲ್ಲಿ ಇದಕ್ಕೆ ಮೊನೊ ಮಿಕ್ಸರ್ ಅಂತಲೇ ಇದೆ. ಆಮೇಲೆ ಲೆವೆಲ್ಸ್‌ನಲ್ಲಿ ಕಪ್ಪನ್ನು ಸ್ವಲ್ಪ ಎಳೆದರೆ ಗಣಿಯ ಹೆಡ್‌ಗೇರ್ (ಗಣಿ ಬಾವಿಯ ಮೇಲಿನ ಚಕ್ರದ) ಗೋಪುರದ ಕಂಬಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಬಣ್ಣ ಕೆಡದ ಸ್ಲೈಡಿನಲ್ಲಿ ತೊಂದರೆಯೇ ಬೇರೆ. ಹಸಿರು ಸೀರೆ, ಕೆಂಪು ಅಂಚು ಅಂದುಕೊಳ್ಳಿ. ಸಾಮಾನ್ಯವಾಗಿ ಬಳಸುವ ಲೆಕ್ಕದಲ್ಲಿ ಕೆಂಪಿಗೆ 30, ಹಸಿರಿಗೆ 59, ನೀಲಿಗೆ 11 ಪಾಲು. ಪ್ರತಿ ಚಾನೆಲ್‌ನಲ್ಲಿ ಬೆಳಕನ್ನು 0 (ಕಪ್ಪು) ಇಂದ 255 (ಬಿಳಿ) ವರೆಗೆ ಅಳೆಯುತ್ತಾರೆ. ಕೆಂಪು, ಹಸಿರು, ನೀಲಿ ಈ ಕ್ರಮದಲ್ಲಿ ಅಂಚಿನ ಬಣ್ಣ 180, 40, 40 ಇದ್ದು, ಒಡಲು 30, 120, 30 ಇದ್ದರೆ ಅಂಚಿಗೆ ಸುಮಾರು 82, ಒಡಲಿಗೆ 83 ಬರುತ್ತೆ. ಎರಡೂ ಒಂದೇ ಬೂದು! ಅಂಚೇ ಮಾಯ. ಹಸಿರು ಚಾನೆಲ್‌ನಲ್ಲಿ ಅದೇ ಅಂಚು 40, ಒಡಲು 120. ಕೆಂಪಿನಲ್ಲಾದರೆ ಉಲ್ಟಾ, ಅಂಚು ಬೆಳ್ಳಗೆ, ಒಡಲು ಕಪ್ಪಗೆ. ಯಾವುದು ಚೆಂದ ಅಂತ ನೀವೇ ನೋಡಬೇಕು.

ಆಕಾಶಕ್ಕೆ ಮಾತ್ರ ನನ್ನ ಓಟು ಕೆಂಪು ಚಾನೆಲ್‌ಗೆ. ನೀಲಿ ಬಾನು ಗಾಢವಾಗಿ, ಮೋಡ ಎದ್ದು ಬರುತ್ತೆ. ಹಿಂದೆ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿ ತೆಗೆಯುತ್ತಿದ್ದರಲ್ಲ, ಅದೇ ಉಪಾಯ. ನಿಮ್ಮೂರಿನ ಸಯನೈಡ್ ದಿಬ್ಬಗಳು (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆಗಳು) ಅಂಥ ಆಕಾಶದ ಎದುರು ಹಿಮದ ಹಾಗೆ ಕಾಣಬಹುದು. ಕೆಂಪಾದ ಸ್ಲೈಡಿನಿಂದ ಮಾತ್ರ ಇದನ್ನು ಕೇಳಬೇಡಿ, ಅಲ್ಲಿ ಆ ಚಾನೆಲ್ಲೇ ಸೋತಿದೆ.

ಸ್ಲೈಡು ಹಿಂದುಮುಂದಾಗಿಲ್ಲ ಅಂತ ಬೋರ್ಡಿನ ಅಕ್ಷರ ನೋಡಿ ಖಾತ್ರಿ ಮಾಡಿಕೊಳ್ಳಿ. ಕಲರ್ ಸ್ಕ್ಯಾನ್ ಅಳಿಸಬೇಡಿ, ಕಪ್ಪು ಬಿಳುಪನ್ನು ಬೇರೆ ಹೆಸರಿನಲ್ಲಿ ಉಳಿಸಿ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಹೆಡ್‌ಗೇರ್ ಚಕ್ರ ತಿರುಗುತ್ತಿದ್ದ ಕಾಲದ ಆ ಚಿತ್ರಗಳಿಂದ ಶುರುಮಾಡಿ.

ಮದುವೆಯ ಸ್ಲೈಡಿಗೆ ಕೈ ಹಾಕುವ ಮುಂಚೆ ಸೀರೆಯ ಒಡಲು ಯಾವ ಬಣ್ಣ, ಅಂಚು ಯಾವುದು ಅಂತ ನಿಮ್ಮ ಅತ್ತೆಯನ್ನೇ ಕೇಳಿ. ಫಿಲ್ಮು ಮರೆತಿರಬಹುದು, ಅವರು ಮರೆತಿರಲಾರರು.