ಜುಡೋದಲ್ಲಿ ಬೀಳುವ ವಿಜ್ಞಾನ

ವಿಶ್ವ ಮಟ್ಟದ ಜುಡೋ ಪಂದ್ಯಕ್ಕೆ ನಿಗದಿಯಾದ ಅವಧಿ ನಾಲ್ಕು ನಿಮಿಷ. ಹತ್ತು ಸೆಕೆಂಡಿಗೇ ಮುಗಿದುಹೋಗುವುದೂ ಉಂಟು. ಎದುರಾಳಿಯನ್ನು ವೇಗವಾಗಿ, ಬಲವಾಗಿ, ಕೊನೆತನಕ ಹಿಡಿತ ಬಿಡದೆ ಅಂಗಾತ ಕೆಡವಿದರೆ ಅದು ಇಪ್ಪೋನ್, ಅಲ್ಲಿಗೆ ಆಟ ಮುಗಿಯಿತು. ಬೆನ್ನು ಪೂರ್ತಿ ತಾಗದೆ ಪಕ್ಕೆಯ ಮೇಲೆ ಬಿದ್ದರೆ ವಾಜಾ-ಆರಿ. ಅಂಥವು ಎರಡಾದರೂ ಇಪ್ಪೋನ್ ಆದಂತೆಯೇ. ಅದಕ್ಕಿಂತ ಚಿಕ್ಕ ಅಂಕವಾದ ಯೂಕೋ 2025ರಲ್ಲಿ ವಾಪಸ್ ಬಂದಿದೆ. ನೆಲಕ್ಕೆ ಒತ್ತಿ 20 ಸೆಕೆಂಡ್ ಹಿಡಿದರೂ ಗೆಲುವು ಸಿಗುತ್ತದೆ, ಆದರೆ ಎಸೆತದ ವಿಷಯದಲ್ಲಿ ರೆಫರಿಯ ಕಣ್ಣು ಇರುವುದು ಒಂದರ ಮೇಲೆ: ಬಿದ್ದವರ ಮೈ ಮ್ಯಾಟಿಗೆ ಹೇಗೆ ತಾಗಿತು?

2022ರಲ್ಲಿ ಸರಾಯೆವೊದಲ್ಲಿ ನಡೆದ ವಿಶ್ವ ಕೆಡೆಟ್ (18ರೊಳಗಿನವರ) ಚಾಂಪಿಯನ್‌ಷಿಪ್‌ನ 57 ಕೆ.ಜಿ. ವಿಭಾಗದಲ್ಲಿ ಮಣಿಪುರದ ಲಿಂಥೋಯ್ ಚನಂಬಮ್ ಚಿನ್ನ ಗೆದ್ದರು. ಜುಡೋದ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಇಂಥ ಪಂದ್ಯಗಳ ತುಣುಕುಗಳು ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತವೆ. ತುಮಕೂರು, ಶಿರಾ, ಮಧುಗಿರಿ ಕಡೆಯ ಮಕ್ಕಳು ಅದನ್ನು ನೋಡಿ ಶಾಲೆಯ ಜಗಲಿಯ ಮೇಲೆ ಪಟ್ಟು ಹಾಕಲು ಹೋಗುವುದು ಸಹಜ. ಎಸೆಯುವುದು ಕಣ್ಣಿಗೆ ಕಾಣುತ್ತದೆ. ಬೀಳುವುದರ ಹಿಂದಿನ ತಿಂಗಳುಗಟ್ಟಲೆಯ ಅಭ್ಯಾಸ ಕಾಣುವುದಿಲ್ಲ. ಅಪಾಯ ಇರುವುದು ಇಲ್ಲೇ.

ಸ್ವಲ್ಪ ಲೆಕ್ಕ ಹಾಕೋಣ. 60 ಕೆ.ಜಿ. ತೂಕದ ಹುಡುಗನ ಮೈ ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್, ಅಂದರೆ ಗಂಟೆಗೆ 16 ಕಿ.ಮೀ. ಆಗ ಮೈಯಲ್ಲಿರುವ ಶಕ್ತಿ ಸುಮಾರು 590 ಜೂಲ್. ಅಷ್ಟೂ ಶಕ್ತಿ ಎಲ್ಲಾದರೂ ಕರಗಲೇಬೇಕು. ಎಷ್ಟು ದೂರದಲ್ಲಿ ಕರಗುತ್ತದೆ ಎನ್ನುವುದರ ಮೇಲೆ ಪೆಟ್ಟಿನ ತೀವ್ರತೆ ನಿಂತಿದೆ. ಸಿಮೆಂಟ್ ನೆಲ ಒಂದಿಷ್ಟೂ ತಗ್ಗುವುದಿಲ್ಲ; ಮೈಯ ಮಾಂಸಖಂಡವೇ ಒಂದು ಸೆಂಟಿಮೀಟರ್ ಅದುಮಿತು ಎಂದುಕೊಂಡರೆ ಸರಾಸರಿ ಬಲ ಮೈತೂಕದ ನೂರು ಪಟ್ಟು. ಮ್ಯಾಟೂ ಸೇರಿ ಮೂರು ಸೆಂಟಿಮೀಟರ್ ತಗ್ಗಿದರೆ ಅದು ಸುಮಾರು 33 ಪಟ್ಟಿಗೆ ಇಳಿಯುತ್ತದೆ. ಎರಡು ಸೆಂಟಿಮೀಟರಿನ ವ್ಯತ್ಯಾಸ, ಪೆಟ್ಟು ಮೂರನೇ ಒಂದು ಭಾಗ!

ಹಳೇ ಮೈಸೂರು ಸೀಮೆಯ ಗರಡಿಗಳಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿ, ದಿನವೂ ಅಗೆದು ಸಡಿಲ ಮಾಡುತ್ತಿದ್ದುದು ಇದೇ ಕೆಲಸಕ್ಕೆ. ಜುಡೋದಲ್ಲಿ ಆ ಕೆಲಸವನ್ನು ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರ್ ದಪ್ಪದ, ಒಂದು ಮೀಟರಿಗೆ ಎರಡು ಮೀಟರಿನ ತಾತಾಮಿ ಎಂಬ ಗಟ್ಟಿ ಫೋಮ್ ಮ್ಯಾಟ್ ಮಾಡುತ್ತದೆ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಸೆಣಸುವ ಜಾಗ ಕನಿಷ್ಠ 8 ಮೀಟರ್ ಚೌಕ. ಸುತ್ತ ರಕ್ಷಣೆಯ ಪಟ್ಟಿಯೂ ಸೇರಿ 14 ಮೀಟರ್ ಚೌಕ, ಅಂದರೆ ಅಂಥ 98 ಮ್ಯಾಟುಗಳು. ಶಾಲೆಗೆ ಅಷ್ಟು ಬೇಕಿಲ್ಲ. ಆದರೆ ಯೋಗಕ್ಕೆ ಹಾಸುವ ತೆಳು ಚಾಪೆಯೋ, ಅಂಗನವಾಡಿಯ ಬಣ್ಣಬಣ್ಣದ ಜೋಡಣೆ ಹಾಸೋ ಇದರ ಬದಲಿಗೆ ಆಗದು. ತೀರಾ ಮೆತ್ತಗಿನ ಹಾಸಿಗೆಯೂ ಬೇಡ: ಕಾಲು ಹೂತುಕೊಂಡಾಗ ಮೈ ತಿರುಗಿದರೆ ಮಂಡಿಯ ಅಸ್ಥಿರಜ್ಜು ಹರಿಯುತ್ತದೆ. ಲಾಂಗ್ ಜಂಪ್ ಮರಳುಗುಂಡಿಯಲ್ಲಿ ಕುಕ್ಕರಗಾಲಿನಿಂದ ಹಿಂದಕ್ಕೆ ಉರುಳುವುದನ್ನು ಕಲಿಸಬಹುದು, ಎಸೆತ ಕಲಿಸಬಾರದು ಎನ್ನುವುದು ಈ ಕಾರಣಕ್ಕೇ. ಮ್ಯಾಟುಗಳ ನಡುವಿನ ಸಂದು ಕೂಡ ಸಣ್ಣ ಸಂಗತಿಯಲ್ಲ. ಬೆರಳು ತೂರುವಷ್ಟು ಬಾಯಿಬಿಟ್ಟಿದ್ದರೆ ಕಾಲ್ಬೆರಳು ಮುರಿಯಲು ಅಷ್ಟೇ ಸಾಕು.

ಇನ್ನು ತಲೆ. ಓಸೋತೋ-ಗಾರಿ ಎಂಬ ಪಟ್ಟಿನಲ್ಲಿ ಎದುರಾಳಿಯ ಎದೆಯನ್ನು ಹಿಂದಕ್ಕೆ ತಳ್ಳಿ, ಅವರ ಕಾಲನ್ನು ಹಿಂದಿನಿಂದ ಕೊಯ್ದಂತೆ ಮುಂದಕ್ಕೆ ಗುಡಿಸುತ್ತಾರೆ. ಮೇಲೊಂದು ಬಲ, ಕೆಳಗೆ ವಿರುದ್ಧ ದಿಕ್ಕಿನ ಇನ್ನೊಂದು ಬಲ. ಮೈ ಗಿರ್ರನೆ ಹಿಂದಕ್ಕೆ ತಿರುಗುತ್ತದೆ. ತಿರುಗುವ ವಸ್ತುವಿನ ತುದಿಗೇ ವೇಗ ಹೆಚ್ಚು, ಇಲ್ಲಿ ಆ ತುದಿ ತಲೆ. ಯಾರೂ ತಳ್ಳದೆ 1.6 ಮೀಟರಿನ ನೆಟ್ಟನೆ ಕೋಲೊಂದು ಬುಡ ಜಾರದೆ ಉರುಳಿದರೂ ಅದರ ತುದಿ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ತಲೆ ಹೀಗೆ ಬೀಸಿಕೊಂಡು ಹೋಗಿ ಥಟ್ಟನೆ ನಿಂತಾಗ ಒಳಗಿನ ಮೆದುಳು ಇನ್ನೂ ಚಲಿಸುತ್ತಿರುತ್ತದೆ. ಮೆದುಳಿಗೂ ಅದರ ಹೊರಪೊರೆಗೂ ನಡುವೆ ಸೇತುವೆಯಂತಿರುವ ಸಣ್ಣ ರಕ್ತನಾಳಗಳು ಹರಿದರೆ ಒಳಗೇ ರಕ್ತ ಸೋರಿ ಮೆದುಳನ್ನು ಒತ್ತತೊಡಗುತ್ತದೆ. ಜಪಾನಿನಲ್ಲಿ ಶಾಲಾ ಮಕ್ಕಳಿಗೆ ಆದ ಇಂಥ ಗಂಭೀರ ಗಾಯಗಳನ್ನು ಪರಿಶೀಲಿಸಿದಾಗ ಗಾಯಗೊಂಡವರಲ್ಲಿ ಹೆಚ್ಚಿನವರು ಆಟಕ್ಕೆ ಹೊಸಬರಾಗಿದ್ದರು, ಎಸೆತ ಬಹುಪಾಲು ಓಸೋತೋ-ಗಾರಿಯೇ ಆಗಿತ್ತು. ಒಳ್ಳೆಯ ಮ್ಯಾಟ್ ಇದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಕತ್ತು ಕಲಿತಿರಬೇಕು.

ಆ ಕಲಿಕೆಯೇ ಉಕೇಮಿ, ಅಂದರೆ ಪೆಟ್ಟಾಗದಂತೆ ಬೀಳುವ ವಿದ್ಯೆ. ಮೊದಲು ಅಂಗಾತ ಮಲಗಿ ಗದ್ದವನ್ನು ಎದೆಗೆ ಒತ್ತಿ ಸೊಂಟದ ಬೆಲ್ಟಿನ ಗಂಟನ್ನು ನೋಡಬೇಕು. ನೋಟ ಗಂಟಿನ ಮೇಲಿದ್ದರೆ ಕತ್ತಿನ ಮುಂಭಾಗದ ಸ್ನಾಯುಗಳು ತಾವಾಗಿಯೇ ಬಿಗಿಯಾಗುತ್ತವೆ. ಆಮೇಲೆ ಎರಡೂ ಕೈಗಳನ್ನು ಮೈಯಿಂದ 30–45 ಡಿಗ್ರಿ ಕೋನದಲ್ಲಿ, ಅಂಗೈ ಕೆಳಗೆ ಮಾಡಿ, ಮುಂಗೈ ಸಮೇತ ಮ್ಯಾಟಿಗೆ ಬಡಿಯುವುದು. ಇದರಿಂದ ನೆಲಕ್ಕೆ ತಾಗುವ ವಿಸ್ತೀರ್ಣ ಹೆಚ್ಚುತ್ತದೆ, ಪೆಟ್ಟಿನ ಒಂದು ಪಾಲನ್ನು ತೋಳು ಹೊರುತ್ತದೆ. ಕೈ ಭುಜದ ಮಟ್ಟಕ್ಕೆ ಏರಿದ್ದರೆ ಪೆಟ್ಟು ಭುಜದ ಕೀಲಿಗೆ ಹೋಗುತ್ತದೆ. ನೆಲಕ್ಕೆ ಕೈ ಊರಿ ತಡೆಯಲು ಹೋದರಂತೂ ಮಣಿಕಟ್ಟು, ಮೊಣಕೈ ಅಥವಾ ಕೊರಳೆಲುಬು ಮುರಿಯುವುದೇ ಹೆಚ್ಚು. ಉಸಿರು ಕಟ್ಟಬಾರದು, ಬಿಡಬೇಕು. ಮಲಗಿ ಬಂದ ಮೇಲೆ ಕುಕ್ಕರಗಾಲಿನಿಂದ, ಅನಂತರ ನಿಂತು, ಆಮೇಲೆ ಪಕ್ಕಕ್ಕೆ, ಕೊನೆಗೆ ಮುಂದಕ್ಕೆ ಉರುಳುವುದು. ಇದರಲ್ಲಿ ಆತುರ ಮಾಡುವ ಮೇಷ್ಟ್ರಿಗೆ ಮಕ್ಕಳನ್ನು ಒಪ್ಪಿಸಬಾರದು.

ಎಸೆಯುವವರ ಹೊಣೆಯೂ ಅಷ್ಟೇ ಇದೆ. ಎದುರಾಳಿಯ ತೋಳನ್ನು ಹಿಡಿದ ಕೈಯನ್ನು ಕೊನೆತನಕ ಬಿಡದೆ ಮೇಲಕ್ಕೆ ಎಳೆದಿರಬೇಕು. ಕೊನೆಯ ಅರ್ಧ ಮೀಟರಿನಲ್ಲಿ 20 ಕೆ.ಜಿ. ಭಾರ ಎತ್ತುವಷ್ಟು ಬಲದಿಂದ ಎಳೆದು ಹಿಡಿದರೂ ಸುಮಾರು 100 ಜೂಲ್, ಅಂದರೆ ಮೇಲೆ ಹೇಳಿದ ಶಕ್ತಿಯಲ್ಲಿ ಆರನೇ ಒಂದು ಪಾಲು ಕಡಿಮೆಯಾಗುತ್ತದೆ. ಬೀಳುವವರ ಮೈ ಪಕ್ಕಕ್ಕೆ ಹೊರಳಿ ತಲೆ ಮೇಲೇ ಉಳಿಯುತ್ತದೆ. ಇಪ್ಪೋನ್‌ಗೆ ಹಿಡಿತ ಬೇಕೆನ್ನುವ ನಿಯಮ ಸುರಕ್ಷತೆಗೂ ಒದಗುವುದು ಹೀಗೆ. ಕತ್ತಿನ ರಕ್ಷಣೆಗೆ ಇನ್ನೆರಡು ನಿಯಮಗಳಿವೆ. ಬೆನ್ನು ತಾಗಬಾರದೆಂದು ಬೇಕೆಂದೇ ತಲೆ ಮತ್ತು ಹಿಮ್ಮಡಿಯ ಮೇಲೆ ಕಮಾನಾಗಿ ನಿಂತರೂ ಅದನ್ನು ಇಪ್ಪೋನ್ ಎಂದೇ ಎಣಿಸುತ್ತಾರೆ. ಎಸೆಯುವಾಗ ತನ್ನ ತಲೆಯನ್ನೇ ಮ್ಯಾಟಿಗೆ ಚುಚ್ಚಿದವರು ನೇರ ಅನರ್ಹ.

ಓಸೋತೋ-ಗಾರಿಯನ್ನು ಹೊಸಬರಿಗೆ ಕಲಿಸುವುದು ತಡವಾದಷ್ಟೂ ಒಳ್ಳೆಯದು. ಕಲಿಸುವಾಗಲೂ ಮೊದಲು ನಿಧಾನವಾಗಿ, ಸಮತೂಕದವರ ಜೊತೆ, ಎರಡೂ ಕೈಯಲ್ಲಿ ಹಿಡಿದು ಇಳಿಸಬೇಕು. ಬಿದ್ದ ಮೇಲೆ ಮಗು ತಲೆನೋವು ಎಂದರೆ, ವಾಂತಿ ಮಾಡಿದರೆ, ಮಂಕಾಗಿ ತೂಕಡಿಸಿದರೆ, ಮಾತು ತೊದಲಿದರೆ ನೀರು ಕುಡಿಸಿ ಕೂರಿಸಿ ಕಾಯುವಂತಿಲ್ಲ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಬೇಕು. ಪಾವಗಡದಂಥ ದೂರದ ಊರಿನಲ್ಲಿ ಅಭ್ಯಾಸ ನಡೆಸುವವರು ಆ ಆಸ್ಪತ್ರೆ ಎಲ್ಲಿದೆ, ಗಾಡಿ ಯಾರದು ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಂಡಿರಲಿ. ಲಕ್ಷಣಗಳು ಹೋದರೂ ವೈದ್ಯರು ಒಪ್ಪುವವರೆಗೆ ಆ ಮಗುವನ್ನು ಮತ್ತೆ ಎಸೆತಕ್ಕೆ ನಿಲ್ಲಿಸಬಾರದು, ಏಕೆಂದರೆ ಮೊದಲ ಪೆಟ್ಟು ಮಾಯುವ ಮೊದಲು ಬೀಳುವ ಎರಡನೆಯದು ಚಿಕ್ಕದಾಗಿದ್ದರೂ ಪ್ರಾಣಕ್ಕೆ ಕುತ್ತು ತರಬಲ್ಲದು.