ನನಗೆ ಟಿಬಿ ಇದೆ ಅಂತ ಡಾಕ್ಟರ್ ಸರ್ಕಾರಕ್ಕೆ ಹೇಳಬಹುದಾ?

ಪ್ರಶ್ನೆ: ಮಂಡ್ಯದ ಖಾಸಗಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದೆ. ಟಿಬಿ ಅಂತ ಬಂತು. ಸರ್ಕಾರಕ್ಕೆ ತಿಳಿಸಲೇಬೇಕು ಅಂತಾರೆ ಡಾಕ್ಟರ್. ಮಗಳಿಗೆ ಗಂಡು ನೋಡ್ತಿದ್ದೀವಿ. ನನ್ನ ಒಪ್ಪಿಗೆ ಇಲ್ಲದೆ ಹೇಳಬಹುದಾ? (ಮದ್ದೂರು ಕಡೆಯ ಓದುಗರು)

ಹೇಳಬಹುದು ಅಲ್ಲ, ಹೇಳಲೇಬೇಕು. 2012ರಿಂದ ಟಿಬಿ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. 2018ರ ಆದೇಶ ಇನ್ನೂ ಬಿಗಿ: ಲ್ಯಾಬ್, ಮೆಡಿಕಲ್ ಶಾಪ್‌ನವರೂ ತಿಳಿಸಬೇಕು. ತಿಳಿಸದಿದ್ದರೆ ಜೈಲು ಶಿಕ್ಷೆಗೂ ದಾರಿ ಇದೆ. ನಿಮ್ಮ ಒಪ್ಪಿಗೆ ಬೇಕಿಲ್ಲ.

ಆದರೆ ತಿಳಿಸುವುದು ಯಾರಿಗೆ? ಆರೋಗ್ಯ ಇಲಾಖೆಗೆ, ಟಿಬಿ ರೋಗಿಗಳ ವಿವರ ದಾಖಲಿಸುವ ಸರ್ಕಾರಿ ವೆಬ್‌ಸೈಟ್ ನಿಕ್ಷಯ್ ಮೂಲಕ. ಊರಿಗಲ್ಲ. ಗಂಡಿನ ಕಡೆಯವರು ಫೋನ್ ಮಾಡಿ "ಅವರಿಗೆ ಏನಂತೆ ಡಾಕ್ಟ್ರೇ?" ಅಂದರೆ ಬಾಯಿ ಬಿಡುವಂತಿಲ್ಲ. ವೈದ್ಯರ ನಡತೆಗೆ 2002ರ ನಿಯಮಗಳಿವೆ. ರೋಗಿಯ ಗುಟ್ಟನ್ನು ಹೊರಗೆ ಹೇಳಲು ಅಲ್ಲಿ ಮೂರೇ ದಾರಿ: ಕೋರ್ಟ್ ಆದೇಶ, ಇಂಥ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ ಅಂತ ಖಚಿತವಾಗಿದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಮೀರಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಮ್ಮ ಚಿಕ್ಕಮ್ಮನ ಫೈಲ್ ಹಿಡಿದು ಸಿಬ್ಬಂದಿಯೊಬ್ಬರು "ಟಿಬಿ ಪೇಷಂಟ್ ಯಾರು?" ಅಂತ ಕೂಗಿದರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೇ ಇದ್ದರು, ಏಳಲಿಲ್ಲ. ಯಾವ ಕಾನೂನೂ ಹಾಗೆ ಕೂಗಲು ಹೇಳಿಲ್ಲ. ಅದು ತಪ್ಪು, ಅಷ್ಟೇ.

ಇಲಾಖೆಗೆ ಹೆಸರು ಹೋಗುವುದರಿಂದ ನಿಮಗೇ ಲಾಭ. ಮಾತ್ರೆ ಪುಕ್ಕಟೆ. ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ (2024ರ ನವೆಂಬರ್‌ಗೆ ಮುಂಚೆ 500 ಇತ್ತು). ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಕೆಮ್ಮು ನಿಂತಿತು ಅಂತ ಸುಮ್ನೆ ಬಿಟ್ಟರೆ ರೋಗ ಮಾತ್ರೆಗೆ ಬಗ್ಗದಂತಾಗಬಹುದು. ಬಿಡದ ಹಾಗೆ ನೋಡಿಕೊಳ್ಳಲು ಒಬ್ಬರು ಬೇಕಲ್ವಾ?

ಎಲ್ಲದಕ್ಕೂ ಒಂದೇ ನಿಯಮ ಅಲ್ಲ. ಎಚ್‌ಐವಿಗೆ 2017ರ ಬೇರೆ ಕಾಯ್ದೆ ಇದೆ, ಅಲ್ಲಿ ಗುಟ್ಟಿಗೆ ಕಾವಲು ಜಾಸ್ತಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೊ ಪ್ರಕಾರ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು.

ಆರೋಗ್ಯ ಕಾರ್ಯಕರ್ತೆ ಫೋನ್ ಮಾಡಿದಾಗ "ಮನೆ ಬಾಗಿಲಲ್ಲಿ ಕಾಯಿಲೆ ಹೆಸರು ಎತ್ತಬೇಡಿ ಅಮ್ಮಾ, ಬರುವ ಮುಂಚೆ ಹೇಳಿ" ಅಂತ ಕೇಳಿಕೊಳ್ಳಿ. ಮನೆಯವರಿಗೂ ತಪಾಸಣೆ ಮಾಡಿಸಬೇಕಾಗುತ್ತದೆ. ಮಗಳಿಗೆ ಬೇರೆಯವರಿಂದ ಗೊತ್ತಾಗುವ ಮುಂಚೆ ನೀವೇ ಕೂರಿಸಿಕೊಂಡು ಹೇಳಿ.